ದೋಣಿ ನಡೆಯದ ಹೊಳೆ

ಮಿಸಿಸಿಪಿ ನದಿಯ ಮೇಲೆ ಉಗಿಹಡಗಿನಲ್ಲಿ ಕುಳಿತು, ದಂಡೆಯ ಹಳೆಯ ಊರುಗಳನ್ನು ಒಂದೊಂದಾಗಿ ನೋಡುತ್ತ ಸಾಗುವ ಪ್ರವಾಸದ ವರ್ಣನೆಯೊಂದನ್ನು ಕಳೆದ ವರ್ಷ ನಮ್ಮ ವಾಚನಾಲಯದಲ್ಲಿ ಓದಿದೆನು. ಓದಿ ಮುಗಿಸುವಷ್ಟರಲ್ಲಿ ನಮ್ಮ ಘಟಪ್ರಭೆಯ ನೆನಪಾಯಿತು. ಹುಕ್ಕೇರಿಯ ಗುಮ್ಮಟಗಳು, ಗೋಕಾವಿಯ ಧಬಧಬೆ, ಮೂಡಲಗಿಯ ಮಠ. ನೋಡತಕ್ಕ ಸ್ಥಳಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಹೊಳೆಯೂ ಇದೆ. ಹಾಗಾದರೆ ಹಿಡಕಲ್ಲಿನಲ್ಲಿ ದೋಣಿ ಹತ್ತಿ ಅವರಾದಿಯಲ್ಲಿ ಇಳಿಯುವ ಪ್ರವಾಸವೊಂದು ಏಕಿಲ್ಲ? ಗೆಳೆಯರ ಮುಂದೆ ಈ ಮಾತು ತೆಗೆದಾಗ ಕೆಲವರು ನಕ್ಕರು. ಕೆಲವರು ಎಲ್ಲವೂ ಸರಕಾರದ ಅಲಕ್ಷ್ಯವೆಂದರು. ಎರಡೂ ಉತ್ತರಗಳಿಂದ ನನಗೆ ಸಮಾಧಾನವಾಗಲಿಲ್ಲ. ಭೂಗೋಲದ ಪುಸ್ತಕವನ್ನು ತೆರೆದು ನೋಡಿ, ರಜೆಯಲ್ಲಿ ಮೋಟಾರಿನಿಂದಲೂ ಕಾಲ್ನಡಿಗೆಯಿಂದಲೂ ಹೊಳೆಯ ಗುಂಟ ತಿರುಗಾಡಿ ಬಂದ ಮೇಲೆ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಆ ಮಿಸಿಸಿಪಿಯ ಮಾತು. 1811ನೆಯ ಇಸವಿಯ ಕೊನೆಗೆ ಆ ನದಿಯ ಮೇಲೆ ಮೊದಲನೆಯ ಉಗಿಹಡಗು ಇಳಿದು ಬಂದಿತು. ಮುಂದಿನ ಅರ್ಧ ಶತಮಾನದಲ್ಲಿ ನ್ಯಾಚೆಜ್, ವಿಕ್ಸ್‌ಬರ್ಗ್ ಮೊದಲಾದ ಊರುಗಳು ಅರಳೆಯ ವ್ಯಾಪಾರದಿಂದ ಕೊಬ್ಬಿದವು. ಇಂದು ಪ್ರವಾಸಿಕರು ಮೆಚ್ಚಿ ನೋಡುವ ಅಲ್ಲಿಯ ಕಂಬಸಾಲಿನ ಮಹಲುಗಳು ಗುಲಾಮರ ಬೆವರಿನಿಂದ ಎದ್ದವು ಎಂಬುದನ್ನು ಆ ಪ್ರವಾಸ ವರ್ಣನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಅದು ನನಗೆ ಸೇರಲಿಲ್ಲ. ಅದಿರಲಿ. ಹಡಗು ಅಲ್ಲಿ ಹೇಗೆ ನಡೆಯಿತು? ಸೇಂಟ್ ಲೂಯಿ ಎಂಬ ಊರಿನಿಂದ ಕಡಲು ನದಿಯ ದಾರಿಯಿಂದ ಸಾವಿರ ಮೈಲಿಗೂ ಮಿಕ್ಕಿ ದೂರವಿದೆ. ಅಷ್ಟು ದೂರದಲ್ಲಿ ನೀರು ಇಳಿಯುವದು ಸುಮಾರು 120 ಮೀಟರು ಮಾತ್ರ. ಅಂದರೆ ಆ ನದಿ ಹರಿಯುತ್ತದೆ ಎನ್ನುವದಕ್ಕಿಂತ ಜಾರುತ್ತದೆ ಎನ್ನಬೇಕು. ನಮ್ಮ ಘಟಪ್ರಭೆಯೋ ಗೋಕಾವಿಯ ಹತ್ತಿರ ಒಂದೇ ನೆಗೆತಕ್ಕೆ 52 ಮೀಟರು, ಹಿಂದಿನವರ ಲೆಕ್ಕದಲ್ಲಿ 170 ಅಡಿ, ಕೆಳಗೆ ಧುಮುಕುತ್ತಾಳೆ. ಆ ದೊಡ್ಡ ನದಿ ಸಾವಿರ ಮೈಲಿಯಲ್ಲಿ ಇಳಿಯುವ ಎತ್ತರದ ಹತ್ತಿರ ಹತ್ತಿರ ಅರ್ಧವನ್ನು ಇವಳು ಕಣ್ಣು ಮುಚ್ಚಿ ತೆರೆಯುವದರಲ್ಲಿ ಇಳಿದುಬಿಡುತ್ತಾಳೆ. ಇಂಥವಳ ಬೆನ್ನ ಮೇಲೆ ದೋಣಿ ಹೇಗೆ ನಡೆದೀತು?

ಧಬಧಬೆಯೊಂದೇ ಅಡ್ಡಿಯಾಗಿದ್ದರೆ ಅದರ ಮೇಲೊಂದು ದೋಣಿ, ಕೆಳಗೊಂದು ದೋಣಿ ಇಡಬಹುದಿತ್ತು. ಎರಡನೆಯ ಕಾರಣ ಮಳೆಯದು. ಘಟಪ್ರಭೆಯು ಸಹ್ಯಾದ್ರಿಯಲ್ಲಿ 884 ಮೀಟರು ಎತ್ತರದಲ್ಲಿ ಹುಟ್ಟಿ, 283 ಕಿಲೋಮೀಟರು ಪೂರ್ವಕ್ಕೆ ಹರಿದು, ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವದು. ಇವಳ ಉಪನದಿಯಾದ ಹಿರಣ್ಯಕೇಶಿಯು ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗೋಕಾವಿಯ ಬಯಲಿನಲ್ಲಿ ಅದರ ಹತ್ತನೆಯ ಒಂದಂಶವೂ ಬೀಳುವದಿಲ್ಲ. ಆದ್ದರಿಂದ ನಮ್ಮ ಹೊಳೆಯಲ್ಲಿರುವದು ನಮ್ಮ ನೀರಲ್ಲ, ಘಟ್ಟದ ನೀರು. ಆಷಾಢ ಶ್ರಾವಣಗಳಲ್ಲಿ ಇಲ್ಲಿ ಮೋಡ ಬರಿದೇ ತೇಲಿ ಹೋಗುತ್ತಿರುವಾಗ ಹೊಳೆ ಎರಡೂ ದಂಡೆ ತುಂಬಿ ಬರುತ್ತದೆ. ಚೈತ್ರಕ್ಕೆ ಅಲ್ಲಲ್ಲಿ ಮಡುವುಗಳನ್ನು ಬಿಟ್ಟು ಬಂಡೆ ಕಾಣುತ್ತದೆ. ತುಂಬಿದಾಗ ದೋಣಿಗೆ ಅಪಾಯ, ಬತ್ತಿದಾಗ ದೋಣಿಗೆ ನೀರಿಲ್ಲ.

ಪಶ್ಚಿಮಕ್ಕೆ ಹರಿಯುವ ಹೊಳೆಗಳ ಸಂಗತಿ ಬೇರೆ. ಶರಾವತಿಯು ಜೋಗದಲ್ಲಿ ಅಷ್ಟೆತ್ತರದಿಂದ ಬಿದ್ದರೂ ಕೆಳಗೆ ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಸಮತಟ್ಟಾಗಿ ಹರಿಯುತ್ತದೆ. ಗೇರುಸೊಪ್ಪೆಯ ಮೆಣಸು ಆ ದಾರಿಯಿಂದಲೇ ಕಡಲು ಸೇರಿತು. ನಮ್ಮ ಕಡೆಗೆ ಅಂಥ ಅನುಕೂಲವಿಲ್ಲ. ಬಯಲುಸೀಮೆಯ ನಾವೆ ಎಂದರೆ ಹರಿಗೋಲು. ಒಳಗೆ ಬಿದಿರಿನ ಹೆಣಿಗೆ, ಹೊರಗೆ ತೊಗಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯ ಮೇಲೆ ಇವುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಇದಕ್ಕೆ ಮುಂದಿಲ್ಲ, ಹಿಂದಿಲ್ಲ. ಗರಗರ ತಿರುಗುತ್ತ ಈ ದಂಡೆಯಿಂದ ಆ ದಂಡೆಗೆ ಹೋಗುತ್ತದೆ. ಇದರ ಆಕಾರವೇ ಇದರ ಕೆಲಸವನ್ನು ಹೇಳುತ್ತದೆ. ನಮ್ಮವರಿಗೆ ಹೊಳೆ ದಾರಿಯಾಗಿರಲಿಲ್ಲ, ದಾರಿಗೆ ಅಡ್ಡ ಬಂದ ನೀರಾಗಿತ್ತು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕವೂ ಜನರನ್ನು ದಾಟಿಸುವದೇ ಆಗಿದ್ದಿತು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಊರುಗಳ ಇರುವಿಕೆಯೂ ಅರ್ಥವಾಗುತ್ತದೆ. ಹುಕ್ಕೇರಿಯು ಹೊಳೆಯ ದಂಡೆಯ ಮೇಲಿಲ್ಲ. ಹಿರಣ್ಯಕೇಶಿ ಘಟಪ್ರಭೆಗಳ ನಡುವಿನ ನೆಲದಲ್ಲಿದೆ. ಆದಿಲಶಾಹಿ ಕಾಲದ ಅಲ್ಲಿಯ ಗುಮ್ಮಟಗಳು ವಿಜಾಪುರದ ಗುಮ್ಮಟದ ಮುಂದೆ ಚಿಕ್ಕವು, ಆದರೆ ಸಂಜೆಯ ಬಿಸಿಲಿನಲ್ಲಿ ಅವುಗಳ ಅಂದ ಬೇರೆಯೇ. ಇಲ್ಲಿಂದ ವಿಜಾಪುರಕ್ಕೆ ಗುಲಾಬಿ ಹೂ ಹೋಗುತ್ತಿದ್ದವು, ಅದಕ್ಕೆಂದೇ ಇದು ‘ಹೂವಿನ ಕೇರಿ’ ಎಂದು ಊರವರು ಹೇಳುವರು. ಹೂ ಹೋದವೋ ಇಲ್ಲವೋ, ಹೋಗಿದ್ದರೆ ಕುದುರೆಯ ಮೇಲೆ ಹೋಗಿರಬೇಕು, ನೀರಿನ ಮೇಲಂತೂ ಅಲ್ಲ. ಹಿರಣ್ಯಕೇಶಿಯ ದಂಡೆಯ ಸಂಕೇಶ್ವರವು ಶಂಕರಲಿಂಗನ ಗುಡಿಗೂ ಮೆಣಸಿನಕಾಯಿಗೂ ಹೆಸರಾದದ್ದು.

ಹುಕ್ಕೇರಿ ತಾಲೂಕಿನಲ್ಲಿಯೇ ಹಿಡಕಲ್ ಜಲಾಶಯವಿದೆ. 1977ರಲ್ಲಿ ಮುಗಿದ ಈ ಆಣೆಕಟ್ಟಿಗೆ ರಾಜಾ ಲಖಮಗೌಡರ ಹೆಸರಿಟ್ಟಿದ್ದಾರೆ. ಇದರಲ್ಲಿ ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ. ದೋಣಿ ಓಡಿಸತಕ್ಕ ನೀರು ನಮ್ಮ ಸೀಮೆಯಲ್ಲಿ ಎಲ್ಲಿಯಾದರೂ ಇದ್ದರೆ ಇಲ್ಲಿಯೇ. ಆದರೆ ಇದು ಹರಿಯುವ ಹೊಳೆಯಲ್ಲ, ಮನುಷ್ಯನು ನಿಲ್ಲಿಸಿದ ನೀರು. ಇದರ ತಳದಲ್ಲಿ ಊರುಗಳಿದ್ದವು, ಹೊಲಗಳಿದ್ದವು. ಹುನ್ನೂರಿನ ವಿಠ್ಠಲನ ಗುಡಿ ಮಳೆಗಾಲದಲ್ಲಿ ಮುಳುಗಿ, ನೀರು ತೀರ ಇಳಿದ ಬೇಸಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಆಗ ಜನರು ಕೆಸರು ತುಳಿದು ಹೋಗಿ ಕಾಯಿ ಒಡೆಸಿಕೊಂಡು ಬರುವರು. ಅದನ್ನು ನೋಡಲು ದೋಣಿ ಬೇಕಿಲ್ಲ, ಬರಗಾಲ ಬೇಕು.

ಜಲಾಶಯದಿಂದ ಕೆಳಗೆ ಬಂದರೆ ಹಿರಣ್ಯಕೇಶಿ ಕೂಡಿದ ಮೇಲೆ ಧೂಪದಾಳದ ಒಡ್ಡು. ಇದು 1897ರದು. ಇಲ್ಲಿಂದ ಹೊರಟ ಎಡದಂಡೆಯ ಕಾಲುವೆಯ ಮೊದಲನೆಯ ಹಂತ 71 ಕಿಲೋಮೀಟರು. ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ಹೊರದೇಶದ ಕೊಕ್ಕರೆಗಳು ಬರುತ್ತವೆಂದು 1974ರಲ್ಲಿ ಇದನ್ನು ಪಕ್ಷಿಧಾಮವನ್ನಾಗಿ ಮಾಡಿದರು. ಪ್ರಾಣಿಶಾಸ್ತ್ರದ ಗೆಳೆಯರು ದುರ್ಬೀನು ತೆಗೆದುಕೊಂಡು ಒಂದು ದಿನ ಹೋಗಿ ಬರಲಿ.

ಇನ್ನು ಧಬಧಬೆ. ಇಲ್ಲಿಯವರೆಗೆ ಹೊಳೆ ಬಹುತೇಕ ಕರಿಕಲ್ಲಿನ ನೆಲದಲ್ಲಿ ಬಂದು, ಇಲ್ಲಿ ಕಲಾದಗಿ ಶಿಲಾಸ್ತರದ ಗಟ್ಟಿ ಮರಳುಗಲ್ಲಿನ ಅಂಚಿಗೆ ಮುಟ್ಟಿ, ಕುದುರೆಯ ಲಾಳದಂತೆ ಬಾಗಿದ ಬಂಡೆಯಿಂದ ಕಮರಿಗೆ ಬೀಳುವದು. ಅಂಚಿನ ಅಗಲ 177 ಮೀಟರು. ಮಹಾಪೂರದ ದಿನ ನೀರು ಕೆಂಪುಮಣ್ಣಿನ ಬಣ್ಣದ್ದಾಗಿ, ಎದುರು ನಿಂತವನ ಮಾತು ಪಕ್ಕದವನಿಗೆ ಕೇಳಿಸುವದಿಲ್ಲ. ಆ ಸದ್ದಿಗೆ ‘ಧಬಧಬೆ’ ಎಂಬ ಹೆಸರಿಟ್ಟವರು ನಿಘಂಟನ್ನು ನೋಡಿ ಇಟ್ಟವರಲ್ಲ. ಮೇಲ್ಗಡೆ 201 ಮೀಟರು ಉದ್ದದ ತೂಗುಸೇತುವೆ. ದಂಡೆಯಲ್ಲಿ ಚಾಲುಕ್ಯರ ಕಾಲದ ಗುಡಿಗಳು. ಮಹಾಲಿಂಗೇಶ್ವರನ ಗುಡಿ ಅವುಗಳಲ್ಲಿ ಮುಖ್ಯವಾದದ್ದು. ಸಮೀಪದ ಕೊಣ್ಣೂರಿನಲ್ಲಿ ಇನ್ನೂ ಹಳೆಯ, ದೊಡ್ಡ ಕಲ್ಲು ಚಪ್ಪಡಿಗಳ ಗೋರಿಗಳಿವೆ. ಜನರು ಅವನ್ನು ಪಾಂಡವರ ಮನೆಗಳೆನ್ನುವರು.

ದೋಣಿಯನ್ನು ತಡೆದ ಈ ಬಂಡೆಯೇ ಗಿರಣಿಯನ್ನು ತಂದಿತು ಎಂಬುದು ನನ್ನ ಈ ಲೇಖನದ ಮುಖ್ಯ ಮಾತು. ನೀರು ಎತ್ತರದಿಂದ ಬೀಳುವಲ್ಲಿ ಬಲವಿರುತ್ತದೆ. ಮಿಸಿಸಿಪಿಯ ಮೇಲ್ಭಾಗದಲ್ಲಿಯೂ ಹೀಗೆಯೇ ಆಯಿತು. ಸೇಂಟ್ ಆಂತೊನಿ ಎಂಬ ಧಬಧಬೆಗೆ ಬಂದು ಉಗಿಹಡಗುಗಳು ನಿಂತವು. ನಿಂತಲ್ಲಿ ಹಿಟ್ಟಿನ ಗಿರಣಿಗಳು ಎದ್ದು ಮಿನಿಯಾಪೊಲಿಸ್ ನಗರ ಬೆಳೆಯಿತು. ನಮ್ಮಲ್ಲಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಎಂಬ ಉದ್ದ ಹೆಸರಿನ ಕಂಪನಿ ಸ್ಥಾಪನೆಯಾಯಿತು. 1887ಕ್ಕೆ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ, ಅಂದರೆ ಹದಿನೈದು ವರ್ಷಗಳ ತರುವಾಯ. ಇಲ್ಲಿ ಇನ್ನೊಂದು ಕೌತುಕವಿದೆ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು, 1863ರಲ್ಲಿ ವಿಕ್ಸ್‌ಬರ್ಗಿಗೆ ಮುತ್ತಿಗೆ ಬಿದ್ದು, ಆ ನದಿಯಿಂದ ಅರಳೆ ಬರುವದು ನಿಂತಾಗ ಇಂಗ್ಲಂಡದ ಗಿರಣಿಗಳು ಕಣ್ಣು ಹಾಕಿದ್ದು ಧಾರವಾಡದ ಸೀಮೆಯ ಅರಳೆಯ ಮೇಲೆ. ಹೀಗೆ ನ್ಯಾಚೆಜ್ ವಿಕ್ಸ್‌ಬರ್ಗುಗಳಿಗೂ ನಮಗೂ ದೋಣಿಯ ಸಂಬಂಧವಿಲ್ಲದಿದ್ದರೂ ಅರಳೆಯ ಸಂಬಂಧವಿದೆ. ನಮ್ಮ ನೂಲು ಮಾತ್ರ ಹೊಳೆಯ ಮೇಲೆ ಹೋಗಲಿಲ್ಲ. ಗೋಕಾಕ ರೋಡ್ ಎಂದು ಮೊದಲು ಕರೆಯಿಸಿಕೊಳ್ಳುತ್ತಿದ್ದ, ಇಂದಿನ ಘಟಪ್ರಭಾ ನಿಲ್ದಾಣದಿಂದ ಉಗಿಬಂಡಿ ಹತ್ತಿ ಹೋಯಿತು.

ಧಬಧಬೆಯಿಂದ ಗೋಕಾವಿ ಊರು ಆರೇಳು ಕಿಲೋಮೀಟರು. ಕರದಂಟು ಕಟ್ಟಿಸಿಕೊಳ್ಳದೆ ಯಾರೂ ಇಲ್ಲಿಂದ ಹೊರಡುವದಿಲ್ಲ. ಅಂಟು, ಬೆಲ್ಲ, ಒಣಹಣ್ಣುಗಳ ಈ ತಿನಿಸು ಕೆಡದೆ ಬಹುದಿನ ಬರುವದರಿಂದ ಎಷ್ಟು ದೂರದ ಪ್ರವಾಸಕ್ಕೂ ಒದಗುವದು. ಇದೇ ಊರಿನ ಬಳಿ ಮಾರ್ಕಂಡೇಯ ಹೊಳೆ ಬಂದು ಕೂಡುವದು. ಅದೂ ಸುಮ್ಮನೆ ಬಂದದ್ದಲ್ಲ, ಗೊಡಚಿನಮಲ್ಕಿಯಲ್ಲಿ ಎರಡು ಸಲ ಧುಮುಕಿ ಬಂದದ್ದು.

ಮೂರು ನೀರು ಕೂಡುವ ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಹಿಡಕಲ್ಲಿನಲ್ಲಿ ನೀರು ತುಂಬಿ ಬಾಗಿಲು ತೆರೆದ ದಿನವೇ ಹಿರಣ್ಯಕೇಶಿ, ಮಾರ್ಕಂಡೇಯಗಳಿಗೂ ಪೂರ ಬಂದರೆ ಮೂರೂ ಗೋಕಾವಿಯ ಹತ್ತಿರ ಒಟ್ಟಾಗುತ್ತವೆ. ಒಬ್ಬರ ಹಿಂದೊಬ್ಬರು ಬಂದರೆ ಹೊಳೆ ತಾಳಿಕೊಳ್ಳುತ್ತದೆ. ಒಮ್ಮೆಲೆ ಬಂದರೆ ಊರಿಗೆ ನುಗ್ಗುತ್ತದೆ. 2019ರ ಆಗಸ್ಟ ತಿಂಗಳಲ್ಲಿ ಹೀಗೆಯೇ ಆಯಿತು. ಲೋಳಸೂರಿನ ಸೇತುವೆ ಮುಳುಗಿತು. ಪೇಟೆಯ ಓಣಿಗಳಲ್ಲಿ ಎದೆಮಟ್ಟ ನೀರು ನಿಂತಿತು. ಆಗ ಗೋಕಾವಿಯಲ್ಲಿ ದೋಣಿಗಳು ನಡೆದವು! ಯಾವ ಓಣಿಯಲ್ಲಿ ಮೊದಲ ದಿನ ಸಂತೆಯ ಚೀಲ ಹಿಡಿದು ಹೋಗಿದ್ದರೋ ಅದೇ ಓಣಿಯಲ್ಲಿ ಮುದುಕರನ್ನೂ ಕೂಸುಗಳನ್ನೂ ರಬ್ಬರಿನ ದೋಣಿಯಲ್ಲಿ ಕೂಡ್ರಿಸಿ ಹೊರಗೆ ತಂದರು. ನಮ್ಮ ಹೊಳೆಯ ನೌಕಾವಿಹಾರವೆಂದರೆ ನಮ್ಮ ಜನರಿಗೆ ನೆನಪಾಗುವದು ಇದೇ. ಆದುದರಿಂದ ಗೆಳೆಯರು ನಕ್ಕದ್ದು ನಗೆಯಲ್ಲವೆಂದು ಆಮೇಲೆ ತಿಳಿದೆನು. 2021ರಲ್ಲಿಯೂ 2024ರಲ್ಲಿಯೂ ಹೊಳೆ ಮತ್ತೆ ಏರಿ ಬಂದಿತು.

ಗೋಕಾವಿಯ ಕೆಳಗೆ ನೆಲ ಸಪಾಟಾಗುತ್ತದೆ, ಹೊಳೆ ಅಗಲವಾಗುತ್ತದೆ, ಕಬ್ಬು ಎರಡೂ ಕಡೆಗೆ ಎದೆ ಮೀರಿ ನಿಲ್ಲುತ್ತದೆ. ಇದು ಮೂಡಲಗಿಯ ಸೀಮೆ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಚೆಗೆ ಬೇರೆ ತಾಲೂಕಾಯಿತು. ಮೂಡಲಗಿ ಊರೂ ಹುಕ್ಕೇರಿಯಂತೆ ಹೊಳೆಯಿಂದ ದೂರ ಸರಿದೇ ಕುಳಿತಿದೆ. ಶಿವಬೋಧರಂಗನ ಮಠಕ್ಕೂ ದನದ ಸಂತೆಗೂ ಜನ ಅಲ್ಲಿಗೆ ಬರುವದು ಬಂಡಿಯ ದಾರಿಯಿಂದ. ಅರಭಾವಿಯ ದುರದುಂಡೇಶ್ವರ ಮಠ ಮಾತ್ರ ಹೊಳೆಯ ದಂಡೆಯಲ್ಲಿದೆ. ಕಲ್ಲೋಳಿಯಲ್ಲಿ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ನೆಯ ಇಸವಿಯ ಶಾಸನವೊಂದು ಸಿಕ್ಕಿದೆ. ಶಾಂತಿನಾಥ ಬಸದಿಗೆ ಕೊಟ್ಟ ದಾನದ ಮಾತು ಅದರಲ್ಲಿದೆ. ಎಂಟುನೂರು ವರ್ಷಗಳ ಹಿಂದೆಯೂ ಈ ಮಣ್ಣು ದಾನ ಕೊಡುವಷ್ಟು ಬೆಳೆಯುತ್ತಿತ್ತೆಂದಾಯಿತು.

ಈ ತಾಲೂಕಿನಲ್ಲಿ ಹೊಳೆ ದಾಟುವದಕ್ಕೆ ಸುಣಧೋಳಿ, ಅವರಾದಿ ಮೊದಲಾದ ಕಡೆಗಳಲ್ಲಿ ತಗ್ಗಾದ ಸೇತುವೆಗಳಿವೆ. ಹರಿಗೋಲಿನ ಕೆಲಸವನ್ನು ಈಗ ಇವು ಮಾಡುತ್ತವೆ. ಎಂಟು ತಿಂಗಳು ಇವುಗಳ ಮೇಲೆ ಕಬ್ಬಿನ ಗಾಡಿ, ಮೋಟಾರು, ಸೈಕಲ್ಲುಗಳು ಓಡಾಡುತ್ತವೆ. ಪೂರ ಬಂದ ಕೂಡಲೆ ಇವು ನೀರಿನ ಕೆಳಗೆ; ಮೇಲೆ ಕಟಕಟೆಯ ಗುರುತೂ ಇಲ್ಲ. ಆಗ ಅರ್ಧ ಗಂಟೆಯ ದಾರಿಗೆ ಅರ್ಧ ದಿನ ಸುತ್ತಬೇಕು. ಮಳೆಗಾಲದ ಆ ದಿನಗಳಲ್ಲಿ ಹೊಳೆಯಾಚೆಯ ಹುಡುಗರು, ಅದಕ್ಕಿಂತ ಹೆಚ್ಚಾಗಿ ಹುಡುಗಿಯರು, ವರ್ಗಕ್ಕೆ ಬರುವದಿಲ್ಲ. ಹಾಜರಿ ತೆಗೆದುಕೊಳ್ಳುವ ಅಧ್ಯಾಪಕರು ಇದನ್ನು ಬಲ್ಲರು; ಇಲ್ಲಿ ಬರೆದದ್ದು ದೂರಿನ ಸಲುವಾಗಿ ಅಲ್ಲ. ಆದರೆ ಹೊಳೆಗೆ ವಿಹಾರದ ದೋಣಿ ತರುವ ಹಣ ಯಾರ ಹತ್ತಿರವಾದರೂ ಇದ್ದರೆ, ಮೊದಲು ಈ ಸೇತುವೆಗಳನ್ನು ಎರಡಾಳು ಎತ್ತರಿಸಲಿ ಎಂದು ನನ್ನ ಅಭಿಪ್ರಾಯ.

ಇಷ್ಟಾದರೂ ಈ ಪ್ರವಾಸ ಮಾಡತಕ್ಕದ್ದೇ, ದೋಣಿಯಿಂದಲ್ಲ, ದಂಡೆಯಿಂದ. ಶ್ರಾವಣದಲ್ಲಿ ಹೊರಡುವದು ಒಳ್ಳೆಯದು. ಮೊದಲನೆಯ ದಿನ ಹುಕ್ಕೇರಿ, ಹಿಡಕಲ್. ಎರಡನೆಯ ದಿನ ಧೂಪದಾಳ, ಧಬಧಬೆ, ಕೊಣ್ಣೂರು. ಮೂರನೆಯ ದಿನ ಅರಭಾವಿ, ಕಲ್ಲೋಳಿ, ಮೂಡಲಗಿ. ಬಂಡೆಯ ಅಂಚಿಗೆ ಹೋಗಿ ಚಿತ್ರ ತೆಗೆದುಕೊಳ್ಳುವ ಹುಚ್ಚು ಬೇಡ, ಪಾಚಿ ಕಟ್ಟಿದ ಕಲ್ಲು ಯಾರನ್ನೂ ನಂಬಿಸಿ ನಿಲ್ಲಿಸುವದಿಲ್ಲ. ನಾವು ತಿರುಗಾಟ ಮುಗಿಸಿದ್ದು ಮೂಡಲಗಿ ತಾಲೂಕಿನ ಒಂದು ಸೇತುವೆಯ ಮೇಲೆ. ನೀರು ಕಮಾನಿನ ಕೆಳಗೆ ಮೊಳಕಾಲುದ್ದ ಹರಿಯುತ್ತಿತ್ತು. ದಂಡೆಯ ಮನೆಯೊಂದರ ಗೋಡೆಯ ಮೇಲೆ 2019ರ ನೀರಿನ ಗೆರೆ ಇನ್ನೂ ಕಾಣುತ್ತಿತ್ತು. ಹತ್ತಿರ ಹೋಗಿ ನಿಂತು ನೋಡಿದೆನು. ಗೆರೆ ನನ್ನ ತಲೆಗಿಂತ ಒಂದು ಗೇಣು ಮೇಲಿದ್ದಿತು. ಮನೆಯ ಅಜ್ಜಿ ಬಾಗಿಲಿಗೆ ಬಂದು, “ಯಾಕಪಾ, ಎತ್ತರ ಅಳೀತೀಯೇನ?” ಎಂದು ಕೇಳಿ, ಒಳಗಿನಿಂದ ಒಂದು ತಂಬಿಗೆ ನೀರು ತಂದುಕೊಟ್ಟಳು.