ಕನ್ನಡ ಕ್ರೈಸ್ತ ಪ್ರಕಾಶನದ ನಾಳೆ: ಸಾರಕ್ಕಿಯ ಒಂದು ಸಮಾಲೋಚನೆಯ ಹಿನ್ನೆಲೆಯಲ್ಲಿ

ದಕ್ಷಿಣ ಬೆಂಗಳೂರಿನ ಸಾರಕ್ಕಿ ಒಂದು ಕಾಲಕ್ಕೆ ಕೆರೆಯ ಆಸರೆಯಲ್ಲಿದ್ದ ಹಳ್ಳಿ. ಇಂದು ಜೆ.ಪಿ. ನಗರದ ಬಡಾವಣೆಗಳು ಅದನ್ನು ಸುತ್ತುವರಿದಿವೆ. ಅಲ್ಲಿನ ಸಣ್ಣ ಸಭಾಂಗಣವೊಂದರಲ್ಲಿ ಕನ್ನಡ ಕ್ರೈಸ್ತ ಪುಸ್ತಕಗಳ ಭವಿಷ್ಯವನ್ನು ಕುರಿತು ನಡೆದ ಒಂದು ದಿನದ ಸಮಾಲೋಚನೆಯಲ್ಲಿ ನಾವು ಪಾಲ್ಗೊಂಡಿದ್ದೆವು. ಸಭಾಪಾಲಕರು, ಕಥೋಲಿಕ ಗುರುಗಳು, ಸೆಮಿನರಿಯ ಅಧ್ಯಾಪಕರು, ಒಬ್ಬ ಮುದ್ರಕರು, ಒಬ್ಬ ಪುಸ್ತಕ ವ್ಯಾಪಾರಿ, ಹೀಗೆ ಬೆರಳೆಣಿಕೆಯ ಜನ. ಬೆಳಗಿನ ಹೊತ್ತೆಲ್ಲ ಚರ್ಚೆ ನಿರೀಕ್ಷಿತ ಹಾದಿಯಲ್ಲೇ ಸಾಗಿತು: ಕಾಗದವೋ ಪರದೆಯೋ? ಓದುಗರು ಕಡಿಮೆಯಾದರೋ, ಪುಸ್ತಕದ ಬೆಲೆ ಹೆಚ್ಚಾಯಿತೋ?

ಮಧ್ಯಾಹ್ನ ಹಳ್ಳಿಗಾಡಿನ ಸಭಾಪಾಲಕರೊಬ್ಬರು ತಮ್ಮ ಅನುಭವವನ್ನು ಹೇಳಿಕೊಂಡರು. ಅವರು ದೈವಶಾಸ್ತ್ರವನ್ನು ಓದಿದ್ದು ಇಂಗ್ಲಿಷಿನಲ್ಲಿ, ಬೋಧಿಸುವುದು ಕನ್ನಡದಲ್ಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಮೇಲೆ ಪ್ರಸಂಗ ಸಿದ್ಧಪಡಿಸಬೇಕಾಗಿದ್ದ ಶನಿವಾರ ರಾತ್ರಿ ಅವರ ಕಪಾಟಿನಲ್ಲಿ ಆ ಪತ್ರಿಕೆಗೆ ಒಂದೇ ಒಂದು ಕನ್ನಡ ವ್ಯಾಖ್ಯಾನವೂ ಇರಲಿಲ್ಲ. ಇಂಗ್ಲಿಷ್ ವ್ಯಾಖ್ಯಾನವೊಂದರ ಪುಟಗಳನ್ನು ಮೊಬೈಲಿನಲ್ಲಿ ಯಂತ್ರಾನುವಾದಕ್ಕೆ ಒಡ್ಡಿದರು. 'ನೀತಿವಂತರೆಂಬ ನಿರ್ಣಯ' ಎಂದು ಬರಬೇಕಾದ ಕಡೆಯೆಲ್ಲ 'ಸಮರ್ಥನೆ' ಎಂದು ಬಂತು. ದಣಿದಿದ್ದ ಅವರು ಅದನ್ನು ಹಾಗೆಯೇ ಬರೆದುಕೊಂಡರು. "ದೇವರು ಪಾಪಿಯನ್ನು ಸಮರ್ಥಿಸುತ್ತಾನೆ ಎಂದು ಆ ಭಾನುವಾರ ನಾನು ಬೋಧಿಸಿಬಿಟ್ಟೆ. ಆರಾಧನೆಯ ನಂತರ ಹಿರಿಯರೊಬ್ಬರು ಬಂದು, 'ಅಯ್ಯನವರೇ, ಹಾಗಾದರೆ ಮಾನಸಾಂತರ ಏಕೆ ಬೇಕು?' ಎಂದು ಕೇಳಿದರು" ಎಂದು ಅವರು ಹೇಳಿದಾಗ ಸಭಾಂಗಣದಲ್ಲಿ ಯಾರೂ ನಗಲಿಲ್ಲ.

ಪ್ರಕಾಶನದ ಭವಿಷ್ಯವೆಂಬ ಪ್ರಶ್ನೆಯ ತಿರುಳು ಆ ಹಿರಿಯರ ಮಾತಿನಲ್ಲಿತ್ತು ಎಂದು ನಾವು ಭಾವಿಸುತ್ತೇವೆ. ಪುಸ್ತಕವನ್ನು ಅಚ್ಚು ಮಾಡುವ ಉಪಕರಣಗಳಿಗೆ ಇಂದು ಕೊರತೆಯಿಲ್ಲ. ಕೊರತೆಯಿರುವುದು ಮಾತನ್ನು ತೂಗಿ, ತಿದ್ದಿ, ಸಭೆಯ ಕೈಗೆ ಒಪ್ಪಿಸುವ ವ್ಯವಸ್ಥೆಗೆ. ಆ ವ್ಯವಸ್ಥೆಯ ಹೆಸರೇ ಪ್ರಕಾಶನ. ಅದು ವ್ಯಾಪಾರವಾಗುವುದಕ್ಕೆ ಮೊದಲು ಸಭೆಯ ಒಂದು ಸೇವೆ.

ಅಚ್ಚುಕೂಟದ ಪಾಠ

ಕನ್ನಡದಲ್ಲಿ ಈ ಸೇವೆಗೆ ದೀರ್ಘ ಚರಿತ್ರೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ಸಂಗಡಿಗರೂ ಕೈಗೊಂಡ ಅನುವಾದದಿಂದ ಪೂರ್ಣ ಕನ್ನಡ ಸತ್ಯವೇದವು 1831ರಲ್ಲಿ ಹೊರಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿತು. ಹೆರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಿದ್ದದ್ದು ಅಲ್ಲಿಂದಲೇ.

ಈ ಚರಿತ್ರೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದು ನಡೆದ ಬಗೆಯನ್ನು ವಿಚಾರಿಸುವುದು ಕಡಿಮೆ. ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಆ ಮುದ್ರಣಾಲಯಗಳು ಕ್ರೈಸ್ತರಿಗಾಗಿ ಮಾತ್ರ ಮುದ್ರಿಸಲಿಲ್ಲ. ಮೋಗ್ಲಿಂಗ್ ಅವರ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಕಿಟೆಲ್ ಅವರು ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿದ ಮೇಲೆ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದರು. ಶಾಲೆಯ ಪಠ್ಯಪುಸ್ತಕಗಳೂ ಇದೇ ಮುದ್ರಣಾಲಯದಿಂದ ಬರುತ್ತಿದ್ದವು. ನಾಡಿನ ಭಾಷೆಗೆ ದುಡಿದದ್ದರಿಂದಲೇ ಆ ಮುದ್ರಣಾಲಯದ ಮಾತಿಗೆ ನಾಡಿನಲ್ಲಿ ಬೆಲೆ ಬಂತು.

ಎರಡನೆಯದಾಗಿ, ವೆಚ್ಚವನ್ನು ಬೇರೆಯವರು ಹೊತ್ತರು. ಮೋಗ್ಲಿಂಗ್ ಅವರ ಮಾಲೆಗೆ ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕಾಸಾಮೇಜರ್ ಹಣ ಕೊಟ್ಟರು. ಮಿಷನ್ನಿನ ಬೆನ್ನಿಗೆ ಯೂರೋಪಿನ ದಾನಿಗಳಿದ್ದರು. ಕನ್ನಡ ಸಭೆಯು ತನ್ನ ಪುಸ್ತಕಗಳ ಪೂರ್ಣ ವೆಚ್ಚವನ್ನು ತಾನೇ ಹೊರುವ ಅಭ್ಯಾಸ ಬೆಳೆಯಲು ಅವಕಾಶವೇ ಒದಗಲಿಲ್ಲ. ಮಿಷನ್‌ಗಳ ಕಾಲ ಮುಗಿದಾಗ ಕಟ್ಟಡಗಳು ನಮ್ಮ ಕೈಗೆ ಬಂದವು, ಯಂತ್ರಗಳೂ ಬಂದವು. ವೆಚ್ಚ ಹೊರುವ ಅಭ್ಯಾಸ ಮಾತ್ರ ಬರಲಿಲ್ಲ.

ಇದರ ನಡುವೆ ಉತ್ತಂಗಿ ಚನ್ನಪ್ಪನವರಂಥ ದೇಶೀಯ ಸೇವಕರು ತೋರಿಸಿದ ದಾರಿಯೂ ಇದೆ. ಬಾಸೆಲ್ ಮಿಷನ್ ಸಭೆಯ ಪಾಲಕರಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಸಭಾಪಾಲನೆಯೂ ಗ್ರಂಥಸಂಪಾದನೆಯೂ ಒಬ್ಬರ ಬಾಳಿನಲ್ಲೇ ಕೂಡಿಬರಬಲ್ಲವು ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ.

ಪ್ರಕಾಶನದ ಲೆಕ್ಕ

ಸೆಮಿನರಿಯಲ್ಲಿ ನಾವು ಕಲಿಸದ ಒಂದು ವಿಷಯವನ್ನು ಸಾರಕ್ಕಿಯ ಸಭೆಯಲ್ಲಿ ಮುದ್ರಕರು ಕಲಿಸಿದರು. ಪುಸ್ತಕದ ವೆಚ್ಚದಲ್ಲಿ ಎರಡು ಭಾಗಗಳಿವೆ. ಅಕ್ಷರಜೋಡಣೆ, ಕರಡು ತಿದ್ದುವಿಕೆ, ಪುಟವಿನ್ಯಾಸ, ಆಫ್‌ಸೆಟ್ ಯಂತ್ರಕ್ಕೆ ಬೇಕಾದ ಪ್ಲೇಟುಗಳು ಇವುಗಳ ವೆಚ್ಚ ಒಂದು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಕಾಗದ, ಶಾಯಿ, ಹೊಲಿಗೆ, ರಟ್ಟು ಇವುಗಳ ವೆಚ್ಚ ಪ್ರತಿಗಳ ಸಂಖ್ಯೆಯೊಡನೆ ಏರುತ್ತದೆ. ಮೊದಲ ಬಗೆಯ ವೆಚ್ಚ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. 1,000 ಪ್ರತಿ ಅಚ್ಚಾದರೆ ಪ್ರತಿಯೊಂದರ ಮೇಲೆ ಬೀಳುವ ಹೊರೆ 30 ರೂಪಾಯಿ, 200 ಪ್ರತಿ ಮಾತ್ರ ಅಚ್ಚಾದರೆ 150 ರೂಪಾಯಿ. ದೈವಶಾಸ್ತ್ರದ ಕನ್ನಡ ಗ್ರಂಥ ದುಬಾರಿಯಾಗುವುದು ಹೀಗೆ. ಬೆಲೆ ಕಡಿಮೆ ಮಾಡಲೆಂದು ಸಾವಿರ ಪ್ರತಿ ಅಚ್ಚು ಮಾಡಿಸಿದರೆ ಮಾರಾಟವಾಗದೆ ಉಳಿದ ಎಂಟುನೂರು ಧರ್ಮಪ್ರಾಂತದ ಕಚೇರಿಯ ಮೂಲೆಯಲ್ಲಿ ಗೆದ್ದಲಿಗೆ ಆಹಾರವಾಗುತ್ತವೆ.

ತೆರಿಗೆಯ ಲೆಕ್ಕವೂ ಇದೆ. ಮುದ್ರಿತ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಆದರೆ ಕಾಗದದ ಮೇಲೆ ಇದೆ. ಸಿದ್ಧ ಪುಸ್ತಕಕ್ಕೆ ತೆರಿಗೆ ಇಲ್ಲವಾದ್ದರಿಂದ, ಕಾಗದಕ್ಕೆ ತೆತ್ತ ತೆರಿಗೆಯನ್ನು ಹೊಂದಿಸಿಕೊಳ್ಳಲು ಪ್ರಕಾಶಕರಿಗೆ ದಾರಿಯಿಲ್ಲ. ವಿನಾಯಿತಿಯಂತೆ ಕಾಣುವುದು ಹೀಗೆ ಪುಸ್ತಕದ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಸಾಮಾನ್ಯ ಕನ್ನಡ ಪ್ರಕಾಶಕರಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಒಂದು ಊರುಗೋಲು. ಗ್ರೀಕ್ ಮೂಲವನ್ನು ಚರ್ಚಿಸುವ ವ್ಯಾಖ್ಯಾನಕ್ಕೆ ಆ ಊರುಗೋಲನ್ನು ನಂಬಿಕೊಳ್ಳುವಂತಿಲ್ಲ. ಅದರ ಓದುಗರು ನಾವೇ.

ಇಷ್ಟಾದರೂ ಒಂದು ಬಾಗಿಲು ತೆರೆದಿದೆ. ಬೇಡಿಕೆಗೆ ತಕ್ಕಂತೆ ಐವತ್ತೋ ನೂರೋ ಪ್ರತಿಗಳನ್ನು ಡಿಜಿಟಲ್ ಯಂತ್ರದಲ್ಲಿ ಮುದ್ರಿಸುವ ಅನುಕೂಲ ಈಗ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತದೆ. ಇಲ್ಲಿ ಪ್ಲೇಟುಗಳ ವೆಚ್ಚವಿಲ್ಲ, ದಾಸ್ತಾನಿನ ಚಿಂತೆಯಿಲ್ಲ, ಪುಸ್ತಕ 'ಮುಗಿದುಹೋಯಿತು' ಎಂಬ ಮಾತೂ ಇಲ್ಲ. ಆದರೆ ಕರಡು ತಿದ್ದುವವರ, ಸಂಪಾದಕರ ಶ್ರಮ ಇಲ್ಲಿಯೂ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಹಣ ಉಳಿಸಲು ಹೊರಟವರು ಮೊದಲು ಕೈಬಿಡುವುದು ಇವರನ್ನೇ.

ಪರದೆ ಬಿಡಿಸದ ಗಂಟು

ಹಾಗಾದರೆ ಎಲ್ಲವನ್ನೂ ಮೊಬೈಲಿಗೆ ಒಪ್ಪಿಸಬಾರದೇಕೆ? ಕನ್ನಡ ಸತ್ಯವೇದದ ಪಠ್ಯವೂ ಧ್ವನಿಯೂ ಇಂದು ಉಚಿತವಾಗಿ ಕೈಯಲ್ಲಿವೆ, ಇದು ಕೃತಜ್ಞತೆಗೆ ಯೋಗ್ಯವಾದ ಸಂಗತಿ. ಓದಲು ಬಾರದ ಅಜ್ಜಿಯೂ ಸುವಾರ್ತೆಯನ್ನು ಪೂರ್ತಿ ಕೇಳಬಲ್ಲಳು. ಆದರೆ ಸತ್ಯವೇದದಾಚೆಗೆ ಹೆಜ್ಜೆಯಿಟ್ಟ ಕೂಡಲೇ ದಾರಿ ತೆಳುವಾಗುತ್ತದೆ. 2016ರಲ್ಲಿ ಅಮೆಜಾನ್ ಸಂಸ್ಥೆ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಎಡೆ ದೊರೆಯಿತು, ಕನ್ನಡಕ್ಕೆ ದೊರೆಯಲಿಲ್ಲ. ಆ ಕೊರತೆಯನ್ನು ಮೈಲ್ಯಾಂಗ್‌ನಂಥ ಕನ್ನಡಿಗರ ಪ್ರಯತ್ನಗಳು ಇ-ಪುಸ್ತಕ ಹಾಗೂ ಕೇಳುಪುಸ್ತಕಗಳ ಮೂಲಕ ತುಂಬತೊಡಗಿದವು. ದೊಡ್ಡ ಮಾರುಕಟ್ಟೆ ನಮಗಾಗಿ ಕಾಯುವುದಿಲ್ಲ, ಭಾಷೆಯ ಜನರೇ ಮುಂದಾದರೆ ಕೆಲಸ ನಡೆಯುತ್ತದೆ ಎಂಬುದು ಇದರ ಪಾಠ.

ನಮ್ಮ ಮನೆಯೊಳಗಿನ ತೊಡಕು ಇನ್ನೊಂದಿದೆ. ಕಳೆದ ಕೆಲವು ದಶಕಗಳಲ್ಲಿ ನಮ್ಮ ಸಂಸ್ಥೆಗಳು ಅಚ್ಚುಮಾಡಿಸಿದ ಪುಸ್ತಕಗಳಲ್ಲಿ ಬಹುಪಾಲು ನುಡಿ, ಶ್ರೀಲಿಪಿ ಮುಂತಾದ ಹಳೆಯ ಫಾಂಟ್‌ಗಳಲ್ಲಿ ಜೋಡಣೆಯಾದವು. ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಅವುಗಳಲ್ಲಿ ಪದ ಹುಡುಕಲಾಗದು, ಇ-ಪುಸ್ತಕ ಮಾಡಲಾಗದು. ಪರಿವರ್ತಿಸಿದರೂ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುತ್ತವೆ, ಮತ್ತೆ ಕರಡು ನೋಡುವ ಕಣ್ಣು ಬೇಕು. ನಲವತ್ತು ವರ್ಷಗಳ ಶ್ರಮ ಕಡತಗಳಲ್ಲಿ ಕುರುಡಾಗಿ ಮಲಗಿದೆ.

ಎಲ್ಲಕ್ಕಿಂತ ಮುಖ್ಯವಾದುದು ಪದಗಳ ಪ್ರಶ್ನೆ. ನಮ್ಮ ಹಳೆಯ ಸತ್ಯವೇದ 'ನೀತಿವಂತರೆಂದು ನಿರ್ಣಯಿಸುವುದು' ಎಂದರೆ, ಆಧುನಿಕ ಭಾಷಾಂತರ 'ದೇವರೊಡನೆ ಸತ್ಸಂಬಂಧ' ಎಂಬ ಮಾತನ್ನು ಬಳಸುತ್ತದೆ. ಮೊದಲನೆಯದರಲ್ಲಿ ನ್ಯಾಯಾಸನದ ಚಿತ್ರವಿದೆ, ಎರಡನೆಯದರಲ್ಲಿ ಮನೆಗೆ ಮರಳಿದ ಮಗನ ಚಿತ್ರ. ಎರಡರ ನಡುವಿನ ಅಂತರದಲ್ಲಿ ಸುಧಾರಣೆಯ ಕಾಲದಿಂದ ನಡೆದುಬಂದ ಇಡೀ ವಾದವೊಂದು ಅಡಗಿದೆ. ಅದನ್ನು ಕನ್ನಡದಲ್ಲೇ ವಿವರಿಸುವ ಪುಟಗಳು ಇಲ್ಲದಿದ್ದಾಗ ಯಂತ್ರ 'ಸಮರ್ಥನೆ' ಎನ್ನುತ್ತದೆ. ಯಂತ್ರವನ್ನು ದೂಷಿಸಿ ಫಲವಿಲ್ಲ. ನಾವು ಬರೆದಿಟ್ಟಿದ್ದರೆ ತಾನೇ ಅದು ಕಲಿಯುವುದು?

ಸುರುಳಿಯೂ ಸಭೆಯೂ

ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ಪ್ರಕಾಶನದ ದೃಷ್ಟಿಯಿಂದ ಓದುವುದು ಲಾಭಕರ. ಪ್ರವಾದಿ ನುಡಿಯುತ್ತಾನೆ, ಬಾರೂಕ ಬರೆಯುತ್ತಾನೆ. ದೇವಾಲಯದಲ್ಲಿ ಜನರೆಲ್ಲರ ಎದುರಿನಲ್ಲಿ ಆ ಸುರುಳಿಯನ್ನು ಓದಲಾಗುತ್ತದೆ. ಅಧಿಕಾರಿಗಳು ಅದನ್ನು ಕೇಳಿ ಭಯಪಟ್ಟು, ಬರೆದವನನ್ನು ಅಡಗಿಕೊಳ್ಳಲು ಹೇಳುತ್ತಾರೆ. ಅರಸನಾದ ಯೆಹೋಯಾಕೀಮ ಅದನ್ನು ಚಾಕುವಿನಿಂದ ಕೊಯ್ಯುತ್ತ ಬೆಂಕಿಗೆ ಹಾಕುತ್ತಾನೆ. ಆಗ ಇನ್ನೊಂದು ಸುರುಳಿ ಸಿದ್ಧವಾಗುತ್ತದೆ, ಅದರಲ್ಲಿ ಮೊದಲಿನದಕ್ಕಿಂತ ಹೆಚ್ಚು ಮಾತುಗಳಿರುತ್ತವೆ. ದೇವರ ವಾಕ್ಯ ಇಲ್ಲಿ ಒಬ್ಬನ ಸೊತ್ತಲ್ಲ. ನುಡಿಯುವವನು, ಬರೆಯುವವನು, ಓದಿಹೇಳುವವನು, ಕಾಪಾಡುವವನು, ಮತ್ತೆ ಬರೆಯುವವನು ಎಲ್ಲರೂ ಸೇರಿ ಅದನ್ನು ಉಳಿಸುತ್ತಾರೆ. ಬಾರೂಕನಿಲ್ಲದ ಯೆರೆಮೀಯನನ್ನು ನಾವು ಅರಿಯಲಾರೆವು.

ಅಪೊಸ್ತಲ ಪೌಲನೂ ಕೊಲೊಸ್ಸೆ ಮತ್ತು ಲವೊದಿಕೀಯದ ಸಭೆಗಳು ತಮಗೆ ಬಂದ ಪತ್ರಿಕೆಗಳನ್ನು ಪರಸ್ಪರ ಬದಲಿಸಿಕೊಂಡು ಓದಬೇಕೆಂದು ವಿಧಿಸುತ್ತಾನೆ. ಸೆರೆಯಲ್ಲಿದ್ದು ಅಂತ್ಯ ಸಮೀಪಿಸಿದಾಗಲೂ ತ್ರೋವದಲ್ಲಿ ಬಿಟ್ಟುಬಂದ ಪುಸ್ತಕಗಳನ್ನು ತರಿಸಿಕೊಳ್ಳುತ್ತಾನೆ. ಪತ್ರಿಕೆಗಳ ಪ್ರಸಾರ ಆದಿಸಭೆಗೆ ಉಪಕಸುಬಾಗಿರಲಿಲ್ಲ. ಸಭೆಗಳನ್ನು ಒಂದಕ್ಕೊಂದು ಕಟ್ಟಿದ ಹುರಿ ಅದೇ ಆಗಿತ್ತು.

ಮಾಡಬೇಕಾದ ಕೆಲಸ

ಸಾರಕ್ಕಿಯ ಸಮಾಲೋಚನೆ ನಿರ್ಣಯಗಳನ್ನು ಅಂಗೀಕರಿಸದೆ ಮುಗಿಯಿತು. ಅಲ್ಲಿ ಕೇಳಿದ ಮಾತುಗಳಿಂದ ನಾವು ತಲುಪಿದ ಅಭಿಪ್ರಾಯಗಳನ್ನು ಇಲ್ಲಿ ಇಡುತ್ತೇವೆ.

ಮೊದಲು ಬೇಕಾದದ್ದು ಮುದ್ರಣಯಂತ್ರವಲ್ಲ, ಸಂಪಾದಕ ಮಂಡಲಿ. ಕಥೋಲಿಕ, ಪ್ರೊಟೆಸ್ಟೆಂಟ್ ಭೇದವಿಲ್ಲದೆ ಗ್ರೀಕ್, ಹೀಬ್ರೂ, ಕನ್ನಡಗಳನ್ನು ಬಲ್ಲವರು ಕೂಡಿ ದೈವಶಾಸ್ತ್ರದ ಪಾರಿಭಾಷಿಕ ಪದಗಳನ್ನು ಚರ್ಚಿಸಿ, ಎಲ್ಲರಿಗೂ ತೆರೆದ ಪದಕೋಶವೊಂದನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಬೇಕು. ಒಮ್ಮತ ಬಾರದ ಕಡೆ ಎರಡೂ ಪದಗಳನ್ನು ಕಾರಣಸಹಿತ ಕೊಡಲಿ. ಎರಡನೆಯದು, ಮುಂಗಡ ಚಂದಾ. ವರ್ಷಕ್ಕೆ ಎರಡು ಪುಸ್ತಕಗಳನ್ನು ಕೊಳ್ಳುತ್ತೇವೆಂದು ನೂರು ಸಭೆಗಳು ಮೊದಲೇ ಮಾತು ಕೊಟ್ಟರೆ ಮುದ್ರಣದ ಲೆಕ್ಕ ತಾನಾಗಿ ಸರಿಹೋಗುತ್ತದೆ. ಮದುವೆಯ ಆಮಂತ್ರಣಕ್ಕೆ ಸುರಿಯುವ ಹಣದ ಒಂದಂಶ ಸಾಕು. ಮೂರನೆಯದು, ಸೆಮಿನರಿಗಳಲ್ಲಿ ಪದವಿಗಾಗಿ ಸಿದ್ಧವಾಗುವ ಪ್ರಬಂಧಗಳಲ್ಲಿ ಯೋಗ್ಯವಾದವುಗಳನ್ನು ಆರಿಸಿ, ಕನ್ನಡದಲ್ಲಿ ಮರುಬರೆಸಿ, ಬರೆದವರಿಗೂ ಕರಡು ತಿದ್ದಿದವರಿಗೂ ಸಂಭಾವನೆ ಕೊಟ್ಟು ಪ್ರಕಟಿಸಬೇಕು. ಸೇವೆಯೆಂಬ ಹೆಸರಿನಲ್ಲಿ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯುವುದು ಸೇವೆಯಲ್ಲ. ಕೊನೆಯದಾಗಿ, ಈ ಪುಸ್ತಕಗಳು ಚರ್ಚಿನ ಆವರಣದ ಮೇಜಿನ ಮೇಲಷ್ಟೇ ಉಳಿಯದೆ ಕನ್ನಡದ ಸಾಮಾನ್ಯ ಪುಸ್ತಕದಂಗಡಿಗಳಲ್ಲಿಯೂ ಪುಸ್ತಕ ಮೇಳಗಳಲ್ಲಿಯೂ ಸಿಗಬೇಕು. ಉತ್ತಂಗಿಯವರ ನಾಡಿನಲ್ಲಿ ನಾವು ನಮ್ಮೊಳಗೇ ಮಾತಾಡಿಕೊಂಡರೆ ಸಾಲದು.

ದುಡ್ಡಿಲ್ಲ ಎಂಬ ಆಕ್ಷೇಪಣೆ ನಿಜವೇ. ಆದರೆ ಸಭಾಮಂದಿರಕ್ಕೆ ಹೊಸ ಧ್ವನಿವರ್ಧಕ ಬೇಕೆಂದಾಗ ನಾವು ಹಣ ಕೂಡಿಸುತ್ತೇವೆ. ಆ ಧ್ವನಿವರ್ಧಕದಲ್ಲಿ ಕೇಳಿಬರುವ ಮಾತು ಸರಿಯಾಗಿರಲೆಂದು ಕೂಡಿಸುವುದು ಅದಕ್ಕಿಂತ ಕಷ್ಟವೇ?

ಸಂಜೆ ಸಾರಕ್ಕಿಯಿಂದ ಹೊರಡುವಾಗ ಆ ಸಭಾಪಾಲಕರನ್ನು, ಮುಂದೇನು ಮಾಡಿದಿರಿ ಎಂದು ಕೇಳಿದೆವು. ಮರುವಾರ ಅದೇ ಅಧ್ಯಾಯವನ್ನು ಮತ್ತೆ ಓದಿ, ಹಿಂದಿನ ಭಾನುವಾರ ತಪ್ಪು ಹೇಳಿದೆನೆಂದು ಸಭೆಯ ಮುಂದೆ ಒಪ್ಪಿಕೊಂಡೆ ಎಂದರು. ಅವರು ತಮ್ಮ ಪಾಲಿನ ಕರಡನ್ನು ತಿದ್ದಿದ್ದಾರೆ. ಉಳಿದ ಪುಟಗಳು ನಮ್ಮ ಮುಂದಿವೆ.