ಖುಷಿಗೆ ಓದಿದ ಮೂರು ಕಾದಂಬರಿ

ಪರೀಕ್ಷೆಗಲ್ಲ, ವಿಮರ್ಶೆಗಲ್ಲ, ಬರೀ ಖುಷಿಗೆ ಓದೋಕೆ ಕನ್ನಡ ಕಾದಂಬರಿ ಬೇಕಾ? ನಾನು ಈಚೆಗೆ ಓದಿ ಮುಗಿಸಿದ ಮೂರು ಇಲ್ಲಿವೆ.

ಒಂದು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ. ಮಲೆನಾಡಿನ ಕಾಡಲ್ಲಿ ಕರ್ವಾಲೊ ಅನ್ನೋ ವಿಜ್ಞಾನಿ ಹಾರುವ ಓತಿ ಹುಡುಕಿಕೊಂಡು ಹೊರಡ್ತಾರೆ. ಜೊತೆಗೆ ಜೇನು ಸಾಕೋ ಮಂದಣ್ಣ. ಊರವರ ಕಣ್ಣಿಗೆ ಅವನು ಪೆದ್ದ. ಕರ್ವಾಲೊ ಕಣ್ಣಿಗೆ ಹುಟ್ಟಾ ಜೀವವಿಜ್ಞಾನಿ. ನಗಿಸ್ತಾ ನಗಿಸ್ತಾನೇ ಕಾಲದ ಆಳಕ್ಕೆ ಕರ್ಕೊಂಡು ಹೋಗುತ್ತೆ ಈ ಕಾದಂಬರಿ.

ಎರಡು, ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಬೆಂಗಳೂರಿನ ಒಂದು ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಬರುತ್ತೆ. ಹಳೇ ಮನೆಯಲ್ಲಿ ಎಲ್ಲರೂ ಸೇರಿ ಇರುವೆಗಳ ಮೇಲೆ ಮುಗಿಬೀಳುವ ಪುಟಗಳನ್ನ ಗಮನಿಸಿ. ಅದೇ ಒಗ್ಗಟ್ಟು ಮುಂದೆ ಮನುಷ್ಯರ ಮೇಲೆ ತಿರುಗುವಾಗ ಮೈ ಜುಂ ಅನ್ನುತ್ತೆ. ಸಣ್ಣ ಪುಸ್ತಕ, ಕೂತಲ್ಲೇ ಮುಗಿಯುತ್ತೆ.

ಮೂರು, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಬಾಲ್ಯದಲ್ಲೇ ಗಂಡನನ್ನ ಕಳ್ಕೊಂಡವಳ ಕಥೆ. ಜೀವನವಿಡೀ ಮಡಿಯಲ್ಲೇ ಕಳೆದವಳು, ಹೆರಿಗೆ ಕಷ್ಟವಾದ ಹೆಣ್ಣಿನ ಹತ್ತಿರ ಜಾತಿ ನೋಡದೆ ಹೋಗಿ, ಮಗುವನ್ನ ತನ್ನ ಕೈಯಾರೆ ಹೊರಗೆ ತೆಗೀತಾಳೆ. ಗದ್ದಲವಿಲ್ಲದ ಧೈರ್ಯ. ಮೂರರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಪ್ರೇಮಾ ಕಾರಂತರು ಇದನ್ನ ಸಿನಿಮಾ ಕೂಡ ಮಾಡಿದ್ರು.

ಕೊನೆಗೊಂದು ಮಾತು. ಓದಿದ್ದನ್ನ ಗೆಳೆಯರಿಗೆ ಹೇಳುವಾಗ ಕಥೆ ಪೂರ್ತಿ ಒಪ್ಪಿಸಬೇಡಿ. ಯಾವ ಪಾತ್ರ ಕಾಡಿತು, ಎಲ್ಲಿ ಬೇಸರ ಬಂತು, ಅಷ್ಟು ಹೇಳಿ ಸಾಕು. ಪುಸ್ತಕ ಕೈಯಿಂದ ಕೈಗೆ ದಾಟೋದೇ ಹಾಗೆ. ನೀವು ಈಚೆಗೆ ಓದಿದ್ದು ಯಾವುದು? ನಾಲ್ಕು ಜನಕ್ಕೆ ಹೇಳಿ.