ತಾತನ ಮೊಲ, ನನ್ನ ಮೊಲ

ಡಿಗ್ರಿ ಮುಗಿಸಿ ಎರಡು ವರ್ಷದಿಂದ ಎಫ್‌ಡಿಎ, ಪಿಡಿಒ ಎಂದು ಓದುತ್ತಾ ಕೂತಿದ್ದೆ. ಕೈಖರ್ಚಿಗಾದರೂ ಆಗಲಿ ಎಂದು ಅಕ್ಕ ಕೊಟ್ಟ ದುಡ್ಡಿನಲ್ಲಿ ಐದು ಸಾಕುಮೊಲ ತಂದು, ನಂಜನಗೂಡಿನ ನಮ್ಮ ಮನೆ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿ ಬಿಟ್ಟೆ. ಪಂಜರಕ್ಕೆ ದುಡ್ಡು ಉಳಿದಿರಲಿಲ್ಲ. ನೆಲ ಮಣ್ಣಿನದು.

ತಿಂಗಳೊಳಗೆ ಗೋಡೆ ಬುಡದಲ್ಲಿ ಮಣ್ಣಿನ ಗುಡ್ಡೆ ಎದ್ದಿತು. ಬಿಳಿ ಹೆಣ್ಣುಮೊಲ ಮುಂಗಾಲಲ್ಲಿ ಪರಪರ ಕೆರೆದು, ಸಡಿಲವಾದ ಮಣ್ಣನ್ನು ಹಿಂಗಾಲಲ್ಲಿ ಒದ್ದು ಹೊರಹಾಕುತ್ತಿತ್ತು. ಟಿ. ನರಸೀಪುರದಿಂದ ಬಂದಿದ್ದ ತಾತನಿಗೆ ಹೇಳಿದರೆ ನಂಬಲೇ ಇಲ್ಲ.

‘ಮೊಲ ಎಲ್ಲಾದ್ರೂ ಬಿಲ ತೋಡ್ತದೇನ್ಲಾ? ಹೆಗ್ಗಣ ಇರಬೇಕು ನೋಡು.’

‘ಕಣ್ಣಾರೆ ನೋಡಿದೀನಿ ತಾತ.’

‘ಚಿಕ್ಕಂದಿನಿಂದ ಹೊಲದಲ್ಲಿ ಮೊಲ ನೋಡಿದೋನು ನಾನು!’

ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಬೆಳಿಗ್ಗೆ ನೋಡಿದರೆ ಬಿಲದ ಬಾಯಿ ಮಣ್ಣಿನಿಂದ ಮುಚ್ಚಿತ್ತು. ತಾನೇ ಕುಸಿದಿದೆ, ಗೋಡೆ ಉಳಿಯಿತು ಎಂದುಕೊಂಡು ಮೇಲೆ ಕಲ್ಲು ಜಡಿದೆ. ಅಂದು ರಾತ್ರಿಯಿಡೀ ಆ ಮೊಲ ಕಲ್ಲು ಕೆರೆಯಿತು. ಬೆಳಿಗ್ಗೆ ತಾತ ಅದರ ಹೊಟ್ಟೆ ನೋಡಿದರು. ರೋಮ ಕಿತ್ತುಹೋಗಿತ್ತು. ‘ಕಲ್ಲು ತೆಗಿಲಾ, ಮರಿ ಒಳಗವೆ’ ಎಂದರು.

ಹುಲ್ಲು, ರೋಮದ ಮೆತ್ತೆಯ ಮೇಲೆ ಆರು ಮರಿ. ಎರಡು ಸತ್ತಿದ್ದವು.

ತಾತ ಉಳಿದ ಮರಿಗಳನ್ನೇ ನೋಡುತ್ತಾ, ‘ಮೈಮೇಲೆ ಕೂದಲಿಲ್ಲ, ಕಣ್ಣೂ ಬಿಟ್ಟಿಲ್ಲ. ನಮ್ಮ ಹೊಲದ ಮೊಲದ ಮರಿ ಹುಟ್ಟುತ್ತಲೇ ಕಣ್ಣು ಬಿಟ್ಟಿರ್ತವಲ್ಲ’ ಎಂದರು.

ಆಮೇಲೆ ಲೈಬ್ರರಿಯಲ್ಲಿ ಓದಿದೆ. ಉತ್ತರ ತಾತನ ಮಾತಿನಲ್ಲೇ ಇತ್ತು. ನಮ್ಮ ಹೊಲದ ಕಾಡುಮೊಲವೇ ಬೇರೆ, ಸಾಕುಮೊಲವೇ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಕಾಡುಮೊಲ ಬಿಲ ತೋಡುವುದಿಲ್ಲ. ಪೊದೆ, ಹುಲ್ಲಿನ ಮರೆಯಲ್ಲಿ ಸಣ್ಣ ತಗ್ಗು ಮಾಡಿ ಮಲಗುತ್ತದೆ, ಅಪಾಯ ಬಂದರೆ ಓಡುತ್ತದೆ. ಮರಿಗಳೂ ರೋಮ ಹೊತ್ತೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು ಅಪರಾಧ.

ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಸುಮಾರು 31 ದಿನಕ್ಕೆ ಈಯುವ ಅದರ ಮರಿಗಳು ಏನೂ ತಿಳಿಯದ ಕೂಸುಗಳು. ಹದ್ದು, ನರಿ, ಬಿಸಿಲು, ಚಳಿಯಿಂದ ಅವನ್ನು ಕಾಯಲು ಬಿಲವೇ ಬೇಕು. ತಾಯಿ ಸಾಮಾನ್ಯವಾಗಿ ದಿನಕ್ಕೊಮ್ಮೆ ಬಂದು, ಕೆಲವೇ ನಿಮಿಷ ಹಾಲೂಡಿಸಿ, ಮತ್ತೆ ಬಾಯಿಗೆ ಮಣ್ಣು ಮುಚ್ಚಿ ಹೋಗುತ್ತದೆ. ನಾನು ಕಲ್ಲಿಟ್ಟದ್ದು ಆ ಬಾಗಿಲಿಗೆ.

ಮೊಲ ತರುವ ಮುಂಚೆಯೇ ಓದಬೇಕಿದ್ದ ಪಾಠವಿದು. ಪರೀಕ್ಷೆಗೆ ಅಷ್ಟು ಓದುವ ನಾನು, ಕೈಯಲ್ಲಿರುವ ಜೀವದ ಬಗ್ಗೆ ಒಂದು ಪುಟ ಓದಿರಲಿಲ್ಲ.

ಈಗ ಪಂಜರ ಮಾಡಿಸಿದ್ದೇನೆ. ಈಯುವ ಮೊಲಕ್ಕೆ ಬಿಲದಂತೆ ಕತ್ತಲಿರುವ ಮರದ ಪೆಟ್ಟಿಗೆ, ಒಳಗೆ ಒಣಹುಲ್ಲು. ಉಳಿದ ನಾಲ್ಕು ಮರಿ ದೊಡ್ಡವಾಗಿವೆ. ತಾತ ನರಸೀಪುರದಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು, ‘ನಿನ್ನ ಬಿಲದ ಮೊಲ ಹೆಂಗವೆ ಮಗಾ?’